ಮೆತ್ತಗ ಒಂದು ಡಿಕ್ಕಿ

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಬೆಳಗಾವಿ ಜಿಲ್ಲೆಯ ಸುದ್ದಿಪುಟಗಳಲ್ಲಿ ‘ಡಿಕ್ಕಿ’ ಎಂಬ ಪದಕ್ಕೆ ಕೈತುಂಬ ಕೆಲಸ. ನಿಂತ ಟ್ರ್ಯಾಕ್ಟರಿಗೆ ಬೈಕ್ ಡಿಕ್ಕಿ, ಬಸ್ಸಿಗೆ ಲಾರಿ ಡಿಕ್ಕಿ, ಎತ್ತಿನ ಗಾಡಿಗೆ ಕಾರು ಡಿಕ್ಕಿ. ಎರಡೆರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೊರಟ ಟ್ರ್ಯಾಕ್ಟರನ್ನು ಕತ್ತಲಲ್ಲಿ ಕಂಡವರಿಗೆ ಈ ಸುದ್ದಿಗಳ ಬಿಸಿ ಗೊತ್ತು. ಕೆಲವು ಪತ್ರಿಕೆಗಳು ಮಹಾಪ್ರಾಣ ಹಚ್ಚಿ ‘ಢಿಕ್ಕಿ’ ಎಂದು ಅಚ್ಚು ಹಾಕುತ್ತವೆ. ನನ್ನನ್ನು ಕೇಳಿದರೆ ಎರಡೂ ಇರಲಿ: ಬರೀ ಲೈಟು ಒಡೆದಿದ್ದರೆ ಡ, ಎಂಜಿನ್ನೇ ಹೋಗಿದ್ದರೆ ಢ.

ಅದೇ ಪತ್ರಿಕೆಯನ್ನು ಬೈಲಹೊಂಗಲದ ಯಾವುದೋ ಓಣಿಯ ಕಟ್ಟೆಯ ಮೇಲೆ ಒಬ್ಬ ಅಜ್ಜ ಓದುತ್ತ ಕೂತಿರುತ್ತಾನೆ. ಅಂಬೆಗಾಲಿಕ್ಕುತ್ತ ಮೊಮ್ಮಗು ಹೊಸ್ತಿಲು ದಾಟಿ ಬರುತ್ತದೆ. ಅಜ್ಜ ಪೇಪರು ಮಡಚಿ ತೊಡೆಯ ಕೆಳಗೆ ಒತ್ತಿ, ಕನ್ನಡಕ ತೆಗೆದು ಅಂಗಿಯ ಕಿಸೆಗೆ ಹಾಕಿ, ಕೂಸನ್ನು ಎತ್ತಿ ಎದುರಿಗೆ ಹಿಡಿದು, ‘ಎಲ್ಲಿ, ಅಜ್ಜಗ ಒಂದ ಡಿಕ್ಕಿ ಕೊಡು’ ಅನ್ನುತ್ತಾನೆ. ಈಗಷ್ಟೇ ಮೂರನೇ ಪುಟದಲ್ಲಿ ಇಬ್ಬರನ್ನು ಆಸ್ಪತ್ರೆಗೆ ಸೇರಿಸಿದ ಪದವದು.

ಕನ್ನಡಕ ತೆಗೆಯುವುದು ಈ ಆಟದ ಮೊದಲ ಕಟ್ಟಳೆ. ಎರಡನೆಯದು, ಕೂಸಿನ ಕಿವಿಯ ಹಿಂದೆ ಎರಡೂ ಅಂಗೈ ಇರಬೇಕು, ಕುತ್ತಿಗೆಗೆ ಆಸರೆಯಾಗಿ. ನಡುವೆ ಒಂದು ಗೇಣು ಜಾಗ. ಆಮೇಲೆ ದೊಡ್ಡವರು ‘ಡೀ…’ ಎಂದು ಎಳೆಯುತ್ತ ತಲೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಆ ದೀರ್ಘ ಎಷ್ಟು ಉದ್ದವಾದರೂ ಆಗಬಹುದು. ಹುಬ್ಬು ಕುಣಿಸುವುದು, ಕಣ್ಣು ಅಗಲಿಸುವುದು ಎಲ್ಲ ಅದರೊಳಗೇ ಮುಗಿಯಬೇಕು. ಹಣೆಗೆ ಹಣೆ ತಾಗಿದ ಗಳಿಗೆಗೆ ಸರಿಯಾಗಿ ‘…ಕ್ಕಿ!’. ಒತ್ತಕ್ಷರ ಬೀಳುವುದು ಮುಟ್ಟಿದ ಮೇಲೆಯೇ, ಮೊದಲಲ್ಲ. ಎರಡು ಸಲ ಆಡಿದ ಕೂಸಿಗೆ ಈ ವ್ಯಾಕರಣ ತಿಳಿದುಬಿಡುತ್ತದೆ. ಮೂರನೇ ಸಲ ‘ಡೀ’ ಶುರುವಾಗುತ್ತಿದ್ದಂತೆ ಕಣ್ಣು ಗಟ್ಟಿ ಮುಚ್ಚಿ, ತುಟಿ ಒಳಗೆ ಎಳೆದುಕೊಂಡು, ಹಣೆ ಮುಂದೆ ಮಾಡಿ ಕಾಯುತ್ತದೆ. ಆಗ ದೊಡ್ಡವರು ಬೇಕಂತಲೇ ತಡ ಮಾಡಬೇಕು. ಇನ್ನೂ ಯಾಕೆ ಬರಲಿಲ್ಲ ಎಂದು ಒಂದು ಕಣ್ಣು ಬಿಚ್ಚಿ ನೋಡುತ್ತದಲ್ಲ, ಆಗ ಕೊಡಬೇಕು.

ಇನ್ನೊಂದು ತಿಂಗಳಿಗೆ ಕೂಸು ತಾನೇ ಮುಂದಾಗುತ್ತದೆ. ಅದರ ಗುರಿ ಇನ್ನೂ ನೆಟ್ಟಗಿರುವುದಿಲ್ಲ. ಮೂಗಿಗೆ ಬೀಳುತ್ತದೆ, ಗದ್ದಕ್ಕೆ ಬೀಳುತ್ತದೆ, ತುಟಿ ಹಲ್ಲಿಗೆ ಸಿಕ್ಕು ದೊಡ್ಡವರ ಬಾಯಲ್ಲಿ ರಕ್ತದ ರುಚಿ ಬರುತ್ತದೆ. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1970ರ ದಶಕದಲ್ಲಿ ತಾಯಂದಿರು ಮುಖ ಮರೆಮಾಡಿ ತೋರಿಸುವ ಆಟವನ್ನು ಕೂತು ಅಭ್ಯಾಸ ಮಾಡಿದ. ಮೊದಲು ತಾಯಿಯೇ ಎಲ್ಲ ಮಾಡುತ್ತಾಳೆ, ಕೂಸು ಬರೀ ನೋಡುತ್ತದೆ. ಬರಬರುತ್ತ ಆಟದ ಯಜಮಾನಿಕೆ ಕೂಸಿನ ಕೈಗೆ ಹೋಗುತ್ತದೆ ಎಂದು ಅವನು ಕಂಡುಕೊಂಡ. ಡಿಕ್ಕಿಯಲ್ಲೂ ಆಗುವುದು ಇದೇ. ಯಜಮಾನಿಕೆ ಹೋಗುವಾಗ ಇಲ್ಲಿ ಸ್ವಲ್ಪ ನೋವೂ ಆಗುತ್ತದೆ, ಅಷ್ಟೇ.

ನಮ್ಮ ಕಡೆಯ ಮಾತಿನಲ್ಲಿ ತಲೆಯಿಂದ ಮಾಡುವ ಪೆಟ್ಟಿಗೆ ಹೆಸರು ಒಂದೇ ಅಲ್ಲ. ಎಮ್ಮೆ ಹಾಯುತ್ತದೆ. ‘ಎಮ್ಮಿ ಹಾಯ್ತು’ ಅಂದರೆ ಓಡಿ ಹೋಗಿ ನೋಡಬೇಕಾದ ಮಾತು, ಅದರಲ್ಲಿ ಆಟವಿಲ್ಲ. ಟಕ್ಕರ ಕೊಡುವುದು ಚುನಾವಣೆಯಲ್ಲಿ, ಕುಸ್ತಿಯ ಕಣದಲ್ಲಿ, ಅದರಲ್ಲಿ ಹಟವಿದೆ. ಆಂಧ್ರದ ಕಡೆ ಹೋದರೆ ತೆಲುಗಿನವರ ‘ಢೀ’ ಸಿಗುತ್ತದೆ, ಬೆಳಗಾವಿಯ ಆಚೆ ಮರಾಠಿಯಲ್ಲಿ ‘ಢುಶಿ’. ಇನ್ನು ಪೇಟೆಯಲ್ಲಿ ಕಾರಿನ ಹಿಂದೆ ಸಾಮಾನು ಇಡುವ ಡಿಕ್ಕಿ ಬೇರೆ ಇದೆ. ಅದು ಇಂಗ್ಲಿಷರ ಕಾಲದಿಂದ ಬಂದದ್ದು, ಇದಕ್ಕೂ ಅದಕ್ಕೂ ನಂಟಿಲ್ಲ. ಮದುವೆಗೆ ಹೊರಟ ಕಾರಿನ ಹತ್ತಿರ ಒಬ್ಬ ಮಾಮಾ ‘ಡಿಕ್ಕಿ ತಗೀ’ ಎಂದು ಡ್ರೈವರಿಗೆ ಕೂಗಿದ್ದಕ್ಕೆ ಅವನ ಹೆಗಲ ಮೇಲಿನ ಕೂಸು ಹಣೆ ತಂದು ಅವನ ಕಿವಿಗೆ ಬಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಕೂಸಿನ ಆಟಕ್ಕೆ ಹೆಸರು ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ನಮ್ಮವರು ತೋರಿಸುವುದು ಟಗರನ್ನು.

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಟಗರು ಸಾಕುವ ಹುಚ್ಚಿನ ಗಂಡಸರಿಗೆ ಬರವಿಲ್ಲ. ಮನೆಯಲ್ಲಿ ಮಕ್ಕಳಿಗೆ ತತ್ತಿ ಕೊಡಲು ಲೆಕ್ಕ ಹಾಕುವವನು ಟಗರಿಗೆ ಹುರುಳಿ, ಕಡಲೆ, ಹಾಲು, ತತ್ತಿ ಎಲ್ಲ ತಿನ್ನಿಸಿ, ಮೈಗೆ ಎಣ್ಣೆ ತಿಕ್ಕಿ, ಕೊರಳಿಗೆ ಗೆಜ್ಜೆ ಕಟ್ಟಿ ಓಣಿಯಲ್ಲಿ ಮೆರೆಸುತ್ತಾನೆ. ಜಾತ್ರೆಯ ಕಾಳಗದಲ್ಲಿ ಎರಡು ಟಗರು ಮೂಗಿಗೆ ಮೂಗು ಹಚ್ಚಿ ಮೂಸಿ, ತಿರುಗದೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು, ಕಣದ ಎರಡು ತುದಿಯಿಂದ ಓಡಿ ಬಂದು ಹೊಡೆದ ಸಪ್ಪಳ ಮಂದಿಯ ಗದ್ದಲದ ಆಚೆಗೂ ಕೇಳುತ್ತದೆ. ಸುತ್ತ ನಿಂತವರು ಡಿಕ್ಕಿ ಎಣಿಸುತ್ತಾರೆ. ಮನರಂಜನೆಗೆಂದು ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆ ಸಪ್ಪಳವನ್ನು ಹತ್ತಿರದಿಂದ ಕೇಳಿದ ಮೇಲೆ ಕಾಯ್ದೆ ಮಾಡಿದವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಕಾಳಗದ ಪೋಸ್ಟರಿನಲ್ಲಿ ಒಂದು ಸಾಲು ಮಾತ್ರ ನನಗೆ ಯಾವಾಗಲೂ ಖುಷಿ ಕೊಡುತ್ತದೆ. ಪೈಲವಾನರನ್ನು ತೂಕದಿಂದ ವಿಂಗಡಿಸಿದರೆ ಟಗರುಗಳನ್ನು ಹಲ್ಲಿನಿಂದ ವಿಂಗಡಿಸುತ್ತಾರೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟು ಹಲ್ಲು. ಕುರಿಗೆ ವರ್ಷ, ಒಂದೂವರೆ ವರ್ಷದತನಕ ಹಾಲುಹಲ್ಲು. ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೊಂದು ಜೋಡಿಯಂತೆ ಬಲಿತ ಹಲ್ಲು ಬಂದು ಎಂಟಕ್ಕೆ ನಿಲ್ಲುತ್ತವೆ. ಬಾಯಿ ಬಿಡಿಸಿ ನೋಡಿದರೆ ವಯಸ್ಸು ಗೊತ್ತಾಯಿತು, ದಾಖಲೆ ಬೇಕಿಲ್ಲ. ನಮ್ಮ ಮನೆಗಳ ಕೂಸುಗಳೂ ಡಿಕ್ಕಿಗೆ ಇಳಿಯುವುದು ಆರೇಳು ತಿಂಗಳಿಗೆ, ಕೆಳಗಿನ ಒಸಡಿನಲ್ಲಿ ಎರಡು ಅಕ್ಕಿಕಾಳು ಮೂಡುವ ಹೊತ್ತಿಗೆ. ಹಾಗಾಗಿ ಕಟ್ಟೆಯ ಮೇಲಿನ ಪಂದ್ಯ ಹಾಲುಹಲ್ಲಿನ ವಿಭಾಗಕ್ಕೂ ಹಲ್ಲೇ ಇಲ್ಲದ ವಿಭಾಗಕ್ಕೂ ನಡೆಯುವಂಥದು. ಯಾವ ಕಮಿಟಿಯೂ ಒಪ್ಪಲಿಕ್ಕಿಲ್ಲ.

ಟಗರಿನ ವಿಚಾರದಲ್ಲಿ ಕುರಿ ಕಾಯುವವರು ಒಂದು ಮಾತು ಹೇಳುತ್ತಾರೆ. ಮರಿಯ ಹಣೆಯನ್ನು ಅಂಗೈಯಿಂದ ಒತ್ತಿ ಆಟ ಆಡಬ್ಯಾಡ್ರಿ, ಅದು ಹಾಯುವುದನ್ನು ಕಲೀತದ. ಮರಿ ಇದ್ದಾಗ ಚಂದ ಕಾಣುತ್ತದೆ, ನೀವು ಒತ್ತುತ್ತೀರಿ, ಅದೂ ಒತ್ತುತ್ತದೆ. ಮುಂದಿನ ವರ್ಷ ಬಗ್ಗಿ ನೀರು ಸೇದುವ ಹೊತ್ತಿಗೆ ಹಿಂದಿನಿಂದ ಬಂದು ಪಾಠ ಒಪ್ಪಿಸುತ್ತದೆ. ಮನುಷ್ಯರ ಮರಿಗೂ ಈ ಮಾತು ಸಲ್ಲುತ್ತದೆ. ಡಿಕ್ಕಿ ಕಲಿತ ಕೂಸು ಗೋಡೆಗೆ ಕೊಡುತ್ತದೆ, ಕಪಾಟಿಗೆ ಕೊಡುತ್ತದೆ, ಟಿವಿಯಲ್ಲಿ ವಾರ್ತೆ ಓದುವವಳಿಗೆ ಕೊಡುತ್ತದೆ. ಕೊಟ್ಟು ಹಿಂತಿರುಗಿ ನಮ್ಮನ್ನು ನೋಡುತ್ತದೆ, ನಕ್ಕರೆ ಸರಿ, ಇಲ್ಲದಿದ್ದರೆ ಅಳು. ಆದರೆ ಗೋಡೆಗೆ ಎಷ್ಟು ಜೋರು, ಅವ್ವನ ಹಣೆಗೆ ಎಷ್ಟು ಮೆತ್ತಗೆ ಎಂಬ ಲೆಕ್ಕ ಅದಕ್ಕೆ ನಾಲ್ಕಾರು ಪೆಟ್ಟಿನೊಳಗೆ ಬರುತ್ತದೆ. ಟಗರಿಗೆ ಈ ಲೆಕ್ಕ ಎಂದೂ ಬರಲಿಲ್ಲ. ರಾಮದುರ್ಗ ತಾಲ್ಲೂಕಿನ ಗೊಡಚಿಯಲ್ಲಿ ವೀರಭದ್ರನ ದೊಡ್ಡ ಜಾತ್ರೆ ಆಗುತ್ತದಲ್ಲ, ಆ ವೀರಭದ್ರನ ಮೂರ್ತಿಗಳ ಪಕ್ಕದಲ್ಲಿ ಸಾಮಾನ್ಯವಾಗಿ ಕೈಮುಗಿದು ನಿಂತವನು ದಕ್ಷ. ಸೊಕ್ಕಿಗೆ ತನ್ನ ತಲೆ ಕಳೆದುಕೊಂಡು ಕುರಿಯ ತಲೆ ಹಚ್ಚಿಸಿಕೊಂಡವನು. ಆ ತಲೆಯಲ್ಲಿ ಅವನು ತನ್ನ ಮೊಮ್ಮಕ್ಕಳಿಗೆ ಹೇಗೆ ಡಿಕ್ಕಿ ಕೊಟ್ಟನೋ ಎಂದು ಪುರಾಣ ಹೇಳುವವರನ್ನು ಕೇಳಬೇಕೆಂದಿದ್ದೇನೆ, ಧೈರ್ಯ ಬಂದಿಲ್ಲ.

ಡಿಕ್ಕಿ ಗಂಡಸರ ಆಟ ಎಂದು ನನ್ನ ಎಣಿಕೆ. ಹೆಂಗಸರು ಆಡುವುದಿಲ್ಲವೆಂದಲ್ಲ. ಅವರಿಗೆ ಬೇರೆ ಬೇಕಾದಷ್ಟಿವೆ. ಅವರು ಮುತ್ತು ಕೊಡುತ್ತಾರೆ, ಲಟಿಕೆ ಮುರಿಯುತ್ತಾರೆ, ಎಣ್ಣೆ ನೀರು ಹಾಕುತ್ತಾರೆ, ತೊಟ್ಟಿಲು ತೂಗಿ ಹಾಡುತ್ತಾರೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ಬೀಸುಕಲ್ಲಿನ ಮುಂದೆ, ತೊಟ್ಟಿಲ ಪಕ್ಕದಲ್ಲಿ ಹೆಂಗಸರು ಕೂಸಿನ ಮೇಲೆ ಎಷ್ಟು ಕಟ್ಟಿದ್ದಾರೆಂದು ಓದುಬರಹದ ಮಂದಿಗೆ ಗೊತ್ತಾಯಿತು. ಗಂಡಸರು ಲಾವಣಿ ಹಾಡಿದರು, ಡೊಳ್ಳಿನ ಪದ ಹಾಡಿದರು, ಭಜನೆ ಹಾಡಿದರು. ಕೂಸು ಅತ್ತರೆ ಮಾತ್ರ ‘ತಗೋ, ನಿನ್ನ ಮಗನ್ನ’ ಎಂದು ಒಳಗೆ ಕೊಟ್ಟರು.

ಅದಕ್ಕೆ ಕಾರಣವೂ ಇತ್ತು. ನಮ್ಮ ಕಡೆ ಹಳೆಯ ಒಟ್ಟು ಮನೆಗಳಲ್ಲಿ ಹಡೆದಪ್ಪ ತನ್ನ ಕೂಸನ್ನು ಹಿರಿಯರ ಎದುರಿಗೆ ಎತ್ತಿಕೊಳ್ಳುತ್ತಿರಲಿಲ್ಲ. ಅಣ್ಣನ ಮಗನನ್ನು ಎತ್ತಬಹುದು, ತಂಗಿಯ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗಬಹುದು. ತನ್ನದನ್ನು ಎತ್ತಿದರೆ ಅದೇನೋ ನಾಚಿಕೆಗೇಡು. ಅಪ್ಪ ಪಡಸಾಲೆಯಲ್ಲಿ ಕೂತಿದ್ದಾಗ ಮಗ ತನ್ನ ಮಗನನ್ನು ಮುದ್ದಾಡಿದರೆ ‘ದೊಡ್ಡವರು ಸಣ್ಣವರು ಅನ್ನೂದ ಇಲ್ಲ’ ಎಂಬ ಮಾತು ಬರುತ್ತಿತ್ತು. ಹೀಗಾಗಿ ಗಂಡಸರಿಗೆ ಬೇಕಾದದ್ದು ನಿಂತ ನಿಲುವಿನಲ್ಲಿ, ಹೋಗುತ್ತ ಹೋಗುತ್ತ ಮುಗಿಸಬಹುದಾದ ಒಂದು ಮುದ್ದು. ಹಿತ್ತಲಿಂದ ಬರುತ್ತಾನೆ, ನಡುಮನೆಯಲ್ಲಿ ಹೆಂಡತಿ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದಾಳೆ, ಇವನು ಬಗ್ಗಿ ಒಂದು ಡಿಕ್ಕಿ ಕೊಟ್ಟು, ಏನೂ ಆಗಿಲ್ಲವೆಂಬಂತೆ ಮುಂಡಾಸು ಸರಿಮಾಡಿಕೊಳ್ಳುತ್ತ ಹೊರಗೆ ಹೋಗುತ್ತಾನೆ. ಕೂಸಿನ ನೆಪದಲ್ಲಿ ಅವನ ಮುಖ ಇನ್ನೊಂದು ಮುಖದ ಹತ್ತಿರಕ್ಕೂ ಬಂದು ಹೋಗಿರುತ್ತಿತ್ತು. ಆ ಮನೆಗಳ ಸೊಸೆಯಂದಿರಿಗೆಲ್ಲ ಇದು ಗೊತ್ತು. ಯಾರೂ ಬಾಯಿಬಿಟ್ಟಿಲ್ಲ.

ನಮ್ಮಪ್ಪನೂ ಈ ಪಂಥದವನೇ. ಆದರೆ ಅವನ ಹಣೆಯ ಮೇಲೆ ಮುಂಜಾನೆ ಹಚ್ಚಿದ ವಿಭೂತಿ ಇರುತ್ತಿತ್ತು. ನನ್ನ ತಮ್ಮ ಕೂಸಾಗಿದ್ದಾಗ ಅವನ ಪುಟ್ಟ ಹಣೆಯ ಮೇಲೆ ಆಗಾಗ ಮೂರು ಬಿಳಿ ಪಟ್ಟಿ, ಒಮ್ಮೊಮ್ಮೆ ಸೊಟ್ಟಗೆ, ಕಾಣಿಸಿಕೊಳ್ಳುತ್ತಿದ್ದವು. ಆಯಿ, ಅಂದರೆ ನಮ್ಮಜ್ಜಿ, ಎಲ್ಲರ ಮುಂದೆ ಕೇಳುತ್ತಿದ್ದಳು: ‘ಈ ಕೂಸಿಗೆ ವಿಭೂತಿ ಯಾರ ಹಚ್ಚಿದ್ರವ್ವಾ?’ ಅವ್ವ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಅಷ್ಟು ಹೊತ್ತಿಗೆ ಹೊಲದ ದಾರಿಯಲ್ಲಿ ಇರುತ್ತಿದ್ದ.

ಆಯಿಯದು ಈ ಆಟದಲ್ಲಿ ಪಂಚರ ಕೆಲಸ. ‘ಕುತ್ತಿಗಿ ನಿಂದ್ರೂತನಕಾ ಯಾರೂ ಡಿಕ್ಕಿ ಅನ್ನಬ್ಯಾಡ್ರಿ’ ಎಂಬುದು ಅವಳ ಮೊದಲ ತೀರ್ಪು. ಕುತ್ತಿಗೆ ನಿಲ್ಲಲು ಮೂರು ನಾಲ್ಕು ತಿಂಗಳಾಗುತ್ತದೆ. ಎರಡನೆಯದು, ‘ಹಣಿಗೆ ಹಣಿ. ನೆತ್ತಿಗೆ ಬಂದೀರಿ, ಜ್ವಾಕಿ.’ ಎಳೆಗೂಸಿನ ನೆತ್ತಿಯ ಮೇಲೆ ಎಲುಬು ಇನ್ನೂ ಕೂಡಿರುವುದಿಲ್ಲ. ಮುಂದಿನ ಆ ಮೆತ್ತನೆಯ ಜಾಗ ಸಾಮಾನ್ಯವಾಗಿ ವರ್ಷದಿಂದ ಒಂದೂವರೆ ವರ್ಷದೊಳಗೆ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಬೆರಳಿಟ್ಟರೆ ಒಳಗಿನ ನಾಡಿ ಪುಟಿಯುವುದು ಗೊತ್ತಾಗುತ್ತದೆ. ಅದರ ಮೇಲೆ ಆಯಿ ದಿನಾ ಅಂಗೈತುಂಬ ಔಡಲೆಣ್ಣೆ ಬಡಿಯುತ್ತಿದ್ದಳು. ಎಣ್ಣೆಯಿಂದ ನೆತ್ತಿ ಬೇಗ ಕೂಡುತ್ತದೆಂದು ಯಾವ ಡಾಕ್ಟರೂ ಹೇಳುವುದಿಲ್ಲ. ಜೋಪಾನದ ವಿಷಯದಲ್ಲಿ ಮಾತ್ರ ಡಾಕ್ಟರೂ ಆಯಿಯೂ ಒಂದೇ ಪಕ್ಷ. ಅವಳ ಮೂರನೆಯ ತಕರಾರು ಮಾತ್ರ ವೈದ್ಯಕೀಯಕ್ಕೆ ಸೇರಿದ್ದಲ್ಲ. ಹುಟ್ಟಿದ ಐದನೆಯ ದಿನ ಸೆಟವಿ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳಲ್ಲ, ಮ್ಯಾಟ್ರಿಕ್ಕಿನಲ್ಲಿ ಮತ್ತೆ ಮತ್ತೆ ಕೂತೆದ್ದ ನಮ್ಮ ಕಾಕಾ ಡಿಕ್ಕಿಗೆ ಬಂದಾಗ ಆಯಿ ಅಡ್ಡ ಕೈ ಹಾಕುತ್ತಿದ್ದಳು: ‘ನಿಂದು ಅದಕ್ಕ ಅಂಟೀತು, ಸರಿ ಅತ್ತಾಗ.’

ಅಕಸ್ಮಾತ್ ತಲೆಗೆ ತಲೆ ಬಡಿದರೆ ಇನ್ನೊಂದು ಕಾಯಿದೆ ಜಾರಿಗೆ ಬರುತ್ತದೆ. ಬಗ್ಗಿ ಗೋಲಿ ಆರಿಸುವಾಗ ಎರಡು ಹುಡುಗರ ತಲೆ ಬಡಿದವು ಅನ್ನಿ. ಇಬ್ಬರೂ ಹಣೆ ಹಿಡಿದುಕೊಂಡು, ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿ, ಇನ್ನೇನು ಜಗಳ ಏಳಬೇಕು, ಅಷ್ಟರಲ್ಲಿ ಮೂರನೆಯವನು ಕೂಗುತ್ತಾನೆ: ‘ಇನ್ನೊಂದ ಸಲ ಹೊಡೀರಿ, ಇಲ್ಲಂದ್ರ ಕೋಡ ಮೂಡ್ತಾವ!’ ಕೋಡು ಮೂಡುವ ಭಯಕ್ಕೆ ಇಬ್ಬರೂ ಬಂದು, ಸಿಟ್ಟಿನಲ್ಲೇ, ಮೆತ್ತಗೆ ಹಣೆ ತಾಗಿಸುತ್ತಾರೆ. ಎರಡನೇ ಡಿಕ್ಕಿಯನ್ನು ಜೋರಾಗಿ ಕೊಟ್ಟವನನ್ನು ನಾನು ನೋಡಿಲ್ಲ, ನಕ್ಕೇಬಿಡುತ್ತಾರೆ. ಊರು ಊರಲ್ಲೂ ಈ ಕಾಯಿದೆ ಹೇಗೆ ಒಂದೇ ತೆರನಾಗಿದೆಯೋ ಸೋಜಿಗ.

ಕಿತ್ತೂರಿನ ಮಟ್ಟಿಗೆ ಈ ಎರಡನೆಯ ಡಿಕ್ಕಿ ಚೊಲೋ ಆಗಲಿಲ್ಲ ಅನ್ನಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಬಾಗಿಲಿಗೆ ಬಂದು ತಲೆ ಕೊಟ್ಟ, ಜೀವ ಬಿಟ್ಟ. ಆ ದಿನದ ನೆನಪಿಗೇ ಈಗ ವರ್ಷಕ್ಕೊಮ್ಮೆ ಕಿತ್ತೂರು ಉತ್ಸವ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ದಂಡು ಕಟ್ಟಿಕೊಂಡು ಮತ್ತೆ ಬಂತು, ಮೆತ್ತಗೆ ಬರಲಿಲ್ಲ. ಕೋಟೆ ಹೋಯಿತು. ರಾಣಿ ಚೆನ್ನಮ್ಮನನ್ನು ಬೈಲಹೊಂಗಲಕ್ಕೆ ತಂದು ಸೆರೆಯಲ್ಲಿಟ್ಟರು. 1829ರ ಫೆಬ್ರುವರಿ 2ರಂದು ಅಲ್ಲಿಯೇ ತೀರಿಕೊಂಡಳು. ಅವಳ ಸಮಾಧಿ ಇರುವ ಉದ್ಯಾನದಲ್ಲಿ ಈಗ ಸಂಜೆ ಹೊತ್ತು ಕೂಸುಗಳನ್ನು ಕರೆತಂದು ಆಡಿಸುವವರಿದ್ದಾರೆ.

ಪರರ ಕೂಸಿಗೆ ಡಿಕ್ಕಿ ಕೊಡುವ ರೀತಿಯೇ ಬೇರೆ. ಅದನ್ನು ನೋಡಬೇಕೆಂದರೆ ಭಾರತ ಹುಣ್ಣಿಮೆಯ ಆಸುಪಾಸು ಸವದತ್ತಿಯ ಯಲ್ಲಮ್ಮನ ಗುಡ್ಡದಿಂದ ಹೊರಡುವ ಬಸ್ಸು ಹತ್ತಬೇಕು. ಅರ್ಧ ಬಸ್ಸಿನ ತುಂಬ ಜಾವಳ ತೆಗೆಸಿಕೊಂಡ ಕೂಸುಗಳು. ನುಣ್ಣನೆಯ ತಲೆ, ತಲೆತುಂಬ ಭಂಡಾರ. ಅಂಥ ಒಂದು ಹಳದಿ ತಲೆ ಅವ್ವನ ಹೆಗಲ ಮೇಲಿಂದ ಹಿಂದಿನ ಸೀಟಿನ ಮುದುಕನನ್ನೇ ನೋಡುತ್ತಿತ್ತು. ಅವನು ಮೊದಲು ಹುಬ್ಬು ಹಾರಿಸಿದ. ಕೂಸು ಹಣೆ ಮುಂದೆ ಮಾಡಿತು, ಅಂದರೆ ಮನೆಯಲ್ಲಿ ಕಲಿತಿದೆ. ಗುರುತಿಲ್ಲದವರ ಕೂಸನ್ನು ಮುಟ್ಟಬಾರದು. ಮುಟ್ಟದೆ ಬಿಟ್ಟರೆ ಕೂಸಿಗೆ ಅವಮಾನ. ಮುದುಕ ಸೀಟಿನ ಮೇಲಿನ ಕಬ್ಬಿಣದ ಹಿಡಿಕೆಗೆ ತನ್ನ ಹಣೆಯನ್ನು ಮೆತ್ತಗೆ ತಾಗಿಸಿ ‘ಡೀಕ್ಕಿ’ ಎಂದ. ಕೂಸು ತನ್ನ ಕಡೆಯಿಂದ ಅದೇ ಹಿಡಿಕೆಗೆ ಕೊಟ್ಟಿತು. ಹೀಗೆ ಕಬ್ಬಿಣದ ಮಧ್ಯಸ್ಥಿಕೆಯಲ್ಲಿ ಬಹಳ ಹೊತ್ತು ನಡೆಯಿತು. ನಡುವೆ ಒಂದು ಹಂಪ್ ಬಂತು, ಡ್ರೈವರ್ ಬ್ರೇಕ್ ಒತ್ತಿದ, ಮುದುಕನ ಹಣೆ ಟಣ್ಣೆಂದಿತು. ಅವ್ವ ತಿರುಗಿ, ‘ಯಪ್ಪಾ, ಬಡೀತೇನ್ರಿ ಅಜ್ಜಾರ?’ ಎಂದು ಗಾಬರಿಯಾದಳು. ಕೂಸು ಕೇಕೆ ಹಾಕಿ ನಕ್ಕಿತು. ಇಷ್ಟು ಚೊಲೋ ಡಿಕ್ಕಿ ಅದಕ್ಕೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ಜಗತ್ತಿನಲ್ಲಿ ದೊಡ್ಡವರು ದೊಡ್ಡವರಿಗೇ ಹಣೆ ಹಚ್ಚುವ ಜನರೂ ಇದ್ದಾರೆ. ನ್ಯೂಜಿಲೆಂಡಿನ ಮಾವೋರಿಗಳು ಬಂದ ಅತಿಥಿಯ ಹಣೆ ಮೂಗುಗಳಿಗೆ ತಮ್ಮ ಹಣೆ ಮೂಗು ತಾಗಿಸಿ ಉಸಿರು ಹಂಚಿಕೊಳ್ಳುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಹೊಂಗಿ. ಬೈಲಹೊಂಗಲದವರಿಗೆ ಈ ಹೆಸರು ಕೇಳಿ ನಗು ಬಂದೀತು, ಬರಲಿ. ಮಂತ್ರಿಗಳು, ರಾಜಮನೆತನದವರು ಕೂಡ ಅಲ್ಲಿ ಬಗ್ಗಿ ನಿಂತು ಹಣೆ ಕೊಡುವ ಫೋಟೋಗಳಿವೆ. ನಮ್ಮಲ್ಲಿ ಹಾಲುಹಲ್ಲು ಬೀಳುವ ವಯಸ್ಸಿಗೆ ಡಿಕ್ಕಿ ನಿಂತುಹೋಗುತ್ತದೆ. ಶಾಲೆಗೆ ಹೋಗುವ ಹುಡುಗನಿಗೆ ಕೊಡಲು ಹೋದರೆ ‘ಏ, ಬಿಡಪಾ’ ಎಂದು ತಲೆ ತಪ್ಪಿಸುತ್ತಾನೆ. ಆಮೇಲೆ ಅವನು ಮತ್ತೆ ಈ ಆಟಕ್ಕೆ ಇಳಿಯುವುದು ತನಗೊಂದು ಕೂಸಾದಾಗ.

ನನ್ನ ತಮ್ಮನಿಗೀಗ ಕೂಸಾಗಿದೆ, ಹೆಣ್ಣು. ಅವರಿರುವುದು ಪುಣೆಯಲ್ಲಿ. ಹೊಲದ ದಾರಿ ಹಿಡಿಯುತ್ತಿದ್ದ ನಮ್ಮಪ್ಪ ಈಗ ನಾಚಿಕೆ ಪೂರಾ ಬಿಟ್ಟಿದ್ದಾನೆ. ಚಾದಂಗಡಿಯ ಮುಂದೆ ನಾಲ್ಕು ಮಂದಿಯ ನಡುವೆ ಕೂತು ವಿಡಿಯೊ ಕಾಲ್ ಎನ್ನದೆ, ‘ಹುಡುಗಿ ಮುಖ ತೋರ್ಸು’ ಎಂದು ಫೋನು ಹಚ್ಚಿಸುತ್ತಾನೆ. ಆ ಕಡೆ ಅವಳು ಪರದೆಗೆ ಹಣೆ ತಂದು ಒತ್ತುತ್ತಾಳೆ. ನಮಗೆ ಕಾಣುವುದು ಬರೀ ಕಪ್ಪು. ಈ ಕಡೆ ಅಪ್ಪ ಕನ್ನಡಕ ತೆಗೆದು, ಡೀ ಎಂದು ಎಳೆದು, ಫೋನಿಗೆ ಹಣೆ ಒತ್ತುತ್ತಾನೆ. ಹಣೆ ತಾಗುವುದು ಸರಿಯಾಗಿ ಕೆಂಪು ಗುಂಡಿಗೇ. ಕಾಲ್ ಕಟ್.

‘ಆತಲ್ಲ, ಡಿಕ್ಕಿ ಕೊಟ್ಯಲ್ಲ, ಇನ್ನ ಸಾಕು’ ಎಂದು ನಾನು ಫೋನು ಕಿಸೆಗೆ ಹಾಕಲು ಹೋದೆ. ಪರದೆಯ ಮೇಲೆ ವಿಭೂತಿಯ ಮೂರು ಪಟ್ಟಿ ಮೂಡಿದ್ದವು. ಅಪ್ಪ ಅದನ್ನು ಧೋತರದ ತುದಿಯಿಂದ ಒರೆಸಿ ನನ್ನ ಕೈಗೇ ಮತ್ತೆ ಕೊಟ್ಟ.

‘ಒಂದ ಆಗೇತಿ. ಕೋಡ ಮೂಡ್ತಾವ ಹುಡುಗಿಗೆ. ಹಚ್ಚ ಫೋನು.’